ಸಾರಮೇಯ ವಿನೋದದಿಂದ ಜಾಡಿನ ಪರೀಕ್ಷೆಗೆ

ಸಂಸ್ಕೃತದಲ್ಲಿ ನಾಯಿಗಿರುವ ಹೆಸರುಗಳಲ್ಲಿ 'ಸಾರಮೇಯ' ಎಂಬುದೂ ಒಂದು. ಸರಮೆಯ ಸಂತಾನ ಸಾರಮೇಯ. ಈ ಸರಮೆ ಯಾರು? ಋಗ್ವೇದದ ಹತ್ತನೆಯ ಮಂಡಲದಲ್ಲಿ ಆಕೆಗೂ ಪಣಿಗಳೆಂಬ ಜನರಿಗೂ ನಡೆದ ಸಂವಾದದ ಸೂಕ್ತವೊಂದಿದೆ. ಪಣಿಗಳು ಹಸುಗಳನ್ನು ಎಲ್ಲೋ ದೂರದ ಬಂಡೆಗಳ ನಡುವೆ ಅಡಗಿಸಿಟ್ಟಿದ್ದಾರೆ. ಇಂದ್ರನ ದೂತಿಯಾದ ಸರಮೆ ರಸಾ ನದಿಯನ್ನು ದಾಟಿ, ದಾರಿಯಲ್ಲದ ದಾರಿಯನ್ನು ಕ್ರಮಿಸಿ, ಆ ಅಡಗುದಾಣದ ಮುಂದೆ ಬಂದು ನಿಲ್ಲುತ್ತಾಳೆ. ನಮ್ಮೊಡನೆಯೇ ಇರು, ಹಸುಗಳಲ್ಲಿ ನಿನಗೂ ಪಾಲು ಕೊಡುತ್ತೇವೆ ಎಂದು ಪಣಿಗಳು ಆಸೆ ತೋರಿಸುತ್ತಾರೆ. ಸರಮೆ ಒಪ್ಪುವುದಿಲ್ಲ. ಅನಂತರದ ಪರಂಪರೆ ಆಕೆಯನ್ನು ದೇವಲೋಕದ ಹೆಣ್ಣುನಾಯಿಯೆಂದೇ ತಿಳಿಯಿತು. ಹಾಗೆ ತಿಳಿದದ್ದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಜಾಡು ಹಿಡಿದು ಹೋಗುವುದು, ಕಳೆದದ್ದನ್ನು ಕಂಡುಹಿಡಿಯುವುದು, ನಡುವೆ ಯಾರು ಏನು ಕೊಟ್ಟರೂ ಒಡೆಯನ ಕೆಲಸವನ್ನು ಬಿಡದಿರುವುದು - ನಾಯಿಯಿಂದ ಮನುಷ್ಯನು ಬಯಸುವ ಗುಣಗಳೆಲ್ಲ ಆ ಒಂದು ಕಥೆಯಲ್ಲಿವೆ.

ಇಂದು ಜಗತ್ತಿನ ಅನೇಕ ದೇಶಗಳಲ್ಲಿ ಈ ಗುಣಗಳನ್ನೇ ಬಯಲಿನಲ್ಲಿ ಪರೀಕ್ಷಿಸಿ ಅಂಕ ಕೊಡುವ ಸ್ಪರ್ಧೆಗಳು ನಡೆಯುತ್ತವೆ. ಇವು ನಾಯಿಗಳ ಸೌಂದರ್ಯ ಸ್ಪರ್ಧೆಗಳಲ್ಲ. ಬಾಲ ಎಷ್ಟು ಉದ್ದ, ಕಿವಿ ನಿಂತಿದೆಯೋ ಬಿದ್ದಿದೆಯೋ ಎಂದು ಯಾರೂ ಕೇಳುವುದಿಲ್ಲ. ನಾಯಿ ಏನು ಮಾಡಬಲ್ಲದು, ಅದರ ಜೊತೆಗಾರ ಅದರಿಂದ ಏನು ಮಾಡಿಸಬಲ್ಲ, ಇಷ್ಟೇ ಪ್ರಶ್ನೆ. ಇಂಗ್ಲಿಷರು ಇದನ್ನು 'ವರ್ಕಿಂಗ್ ಟ್ರಯಲ್' ಎನ್ನುತ್ತಾರೆ. ನಾವು ಕೆಲಸದ ಪರೀಕ್ಷೆ ಎನ್ನಬಹುದು. ಇದು ಹೊರನಾಡಿನ ಸರಕು, ನಮಗೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರು ಇರಬಹುದು. ಅವರನ್ನು ನಾನು ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸೀಮೆಗೆ ಕರೆದೊಯ್ಯಲು ಬಯಸುತ್ತೇನೆ.

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ಈ ನೆಲಕ್ಕೆ ಶಾಸನಗಳ ಕಾಲದಲ್ಲಿ ಎಡೆದೊರೆನಾಡು ಎಂಬ ಅಂದವಾದ ಹೆಸರಿತ್ತು. ಎರಡು ತೊರೆಗಳ ಎಡೆಯಲ್ಲಿರುವ ನಾಡು. ಮಸ್ಕಿಯನ್ನು ಅಂದು ಮೊಸಂಗಿ ಎನ್ನುತ್ತಿದ್ದರು. 1021ರ ಸುಮಾರಿನಲ್ಲಿ ಚೋಳ ರಾಜೇಂದ್ರನಿಗೂ ಕಲ್ಯಾಣ ಚಾಲುಕ್ಯರ ಜಯಸಿಂಹನಿಗೂ ಯುದ್ಧ ನಡೆದ ಮುಶಂಗಿ ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಈ ನಾಡಿಗಾಗಿ ರಾಜರು ಕಾದಾಡಿದ ಕಥೆ ಎಲ್ಲರಿಗೂ ಗೊತ್ತು. ಪಠ್ಯಪುಸ್ತಕಗಳು ಅದನ್ನು ಬೇಕಾದಷ್ಟು ಹೇಳಿವೆ. ಆ ರಾಜರು ಯುದ್ಧವಿಲ್ಲದ ದಿನಗಳಲ್ಲಿ ಏನು ಮಾಡುತ್ತಿದ್ದರು ಎಂಬುದನ್ನು ಹೇಳುವ ಗ್ರಂಥವೊಂದಿದೆ. ಅದು ಕನ್ನಡನಾಡಿನ ಅರಸನೊಬ್ಬ ಸಂಸ್ಕೃತದಲ್ಲಿ ಬರೆದದ್ದು.

ಜಯಸಿಂಹನ ವಂಶದಲ್ಲೇ ಮುಂದೆ ಹುಟ್ಟಿದ ಮೂರನೆಯ ಸೋಮೇಶ್ವರ, ವಿಕ್ರಮಾದಿತ್ಯನ ಮಗ, ಭೂಲೋಕಮಲ್ಲನೆಂದು ಬಿರುದಾಂತ. 1129ರ ಸುಮಾರಿಗೆ ಅವನು 'ಮಾನಸೋಲ್ಲಾಸ'ವನ್ನು ರಚಿಸಿದ. 'ಅಭಿಲಷಿತಾರ್ಥ ಚಿಂತಾಮಣಿ' ಎಂಬುದು ಅದರ ಮತ್ತೊಂದು ಹೆಸರು. ಐದು ವಿಂಶತಿಗಳು, ಒಂದೊಂದು ವಿಂಶತಿಯಲ್ಲಿ ಇಪ್ಪತ್ತು ಅಧ್ಯಾಯಗಳು, ಒಟ್ಟು ನೂರು. ಅಡುಗೆಯಿಂದ ಆನೆಯವರೆಗೆ, ರತ್ನಪರೀಕ್ಷೆಯಿಂದ ರಾಗಲಕ್ಷಣದವರೆಗೆ ಅದರಲ್ಲಿ ಇಲ್ಲದ ವಿಷಯವಿಲ್ಲ. ಬರೋಡೆಯ ಗಾಯಕವಾಡ ಗ್ರಂಥಮಾಲೆಯಲ್ಲಿ 1925, 1939, 1961ರಲ್ಲಿ ಮೂರು ಸಂಪುಟಗಳಾಗಿ ಅದು ಅಚ್ಚಾಯಿತು. ಇದರ ನಾಲ್ಕನೆಯ ವಿಂಶತಿ ವಿನೋದಗಳಿಗೆ ಮೀಸಲು. ಶಸ್ತ್ರವಿನೋದ, ಶಾಸ್ತ್ರವಿನೋದ, ಆನೆಯ ಓಟ, ಕುದುರೆಯ ಓಟ, ಮಲ್ಲರ ಕಾಳಗ, ಕೋಳಿಯಂಕ, ಲಾವುಗೆಯ ಜಗಳ, ಟಗರಿನ ಕಾಳಗ, ಕೋಣನ ಕಾಳಗ, ಪಾರಿವಾಳದ ಆಟ - ಹೀಗೆ ಸಾಗುವ ಪಟ್ಟಿಯಲ್ಲಿ 'ಸಾರಮೇಯ ವಿನೋದ' ಒಂದು. ಅದರ ಬೆನ್ನಿಗೇ ಗಿಡುಗನ ಬೇಟೆ, ಮೀನಿನ ಬೇಟೆ, ಮೃಗಯೆ ಬರುತ್ತವೆ.

ಈ ಜೋಡಣೆಯನ್ನು ನಾವು ಸ್ವಲ್ಪ ಗಮನಿಸಬೇಕು. ಸೋಮೇಶ್ವರನು ನಾಯಿಯನ್ನು ಬರಿಯ ಬೇಟೆಯ ಅಧ್ಯಾಯದೊಳಗೆ ಸೇರಿಸಿ ಮುಗಿಸಿಲ್ಲ. ಬೇಟೆಗೆ ಬೇರೆ ಅಧ್ಯಾಯವಿದ್ದೂ ನಾಯಿಗೆ ಅದರದೇ ಒಂದು ಅಧ್ಯಾಯ ಕೊಟ್ಟಿದ್ದಾನೆ. ಅದನ್ನು ಟಗರು ಕೋಣಗಳ ಸ್ಪರ್ಧೆಗೂ ಮೃಗಯೆಗೂ ನಡುವೆ ಇಟ್ಟಿದ್ದಾನೆ. ಎಂದರೆ ಅವನ ಕಣ್ಣಿಗೆ ಅದು ಅರ್ಧ ಪಂದ್ಯ, ಅರ್ಧ ಬೇಟೆ. ಯಾವ ನಾಡಿನ ನಾಯಿ ಉತ್ತಮ, ಮೈಕಟ್ಟು ಹೇಗಿರಬೇಕು, ರೋಮ ಹೇಗಿರಬೇಕು ಎಂದು ಆರಿಸಿ, ಅವನ್ನು ಪ್ರಾಣಿಯ ಮೇಲೆ ಬಿಟ್ಟು, ಅವುಗಳ ಕಸುವನ್ನು ಅರಸನು ಪರಿವಾರದೊಡನೆ ನೋಡಿ ಆನಂದಿಸುವುದು ಈ ವಿನೋದದ ತಿರುಳು. ನೋಡುವವರು ಇದ್ದಾರೆ, ಆರಿಸುವ ಲಕ್ಷಣಗಳಿವೆ, ಬಿಡುವ ಕ್ರಮವಿದೆ. ಇಲ್ಲದಿರುವುದು ಅಂಕಪಟ್ಟಿ ಒಂದೇ. ಹನ್ನೆರಡನೆಯ ಶತಮಾನದ ಅರಮನೆಯಲ್ಲಿ ಅಂಕಪಟ್ಟಿಯನ್ನು ಕೇಳುವುದು ಅನ್ಯಾಯವಾದೀತು. ಅರಸನ ಹುಬ್ಬು ಏರಿದರೆ ಅದೇ ಅಂಕ.

ಮಾನಸೋಲ್ಲಾಸಕ್ಕಿಂತ ಎರಡು ಶತಮಾನ ಹಿಂದಿನ ಮತ್ತೊಂದು ದಾಖಲೆ ನಮ್ಮಲ್ಲಿದೆ. ಅದು ಅರಮನೆಯ ಗ್ರಂಥವಲ್ಲ, ಊರ ಕಲ್ಲು. ನನಗಂತೂ ಅದು ಮಾನಸೋಲ್ಲಾಸಕ್ಕಿಂತ ಹೆಚ್ಚು ಪ್ರಿಯ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಈ ಶಾಸನ ಶಕವರ್ಷ 872ರದು, ಎಂದರೆ ಕ್ರಿ.ಶ. 949-50. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಇತಿಹಾಸಕಾರರು ಅದನ್ನು ತಕ್ಕೋಲದ ಯುದ್ಧಕ್ಕಾಗಿ ಓದುತ್ತಾರೆ. ರಾಷ್ಟ್ರಕೂಟರ ಮೂರನೆಯ ಕೃಷ್ಣ, ಅವನ ಜೊತೆಗೆ ಗಂಗರ ಬೂತುಗ, ಇಬ್ಬರೂ ಸೇರಿ ಚೋಳ ರಾಜಾದಿತ್ಯನನ್ನು ಎದುರಿಸಿದರು, ರಾಜಾದಿತ್ಯ ಮಡಿದ. ಬೂತುಗನಿಗೆ ಬನವಾಸಿ ಪನ್ನಿರ್ಚ್ಛಾಸಿರವೇ ಮೊದಲಾದ ನಾಡುಗಳು ಬಹುಮಾನವಾಗಿ ಬಂದವು. ಇದೆಲ್ಲ ರಾಜಕೀಯ.

ಆದರೆ ಆ ಕಲ್ಲನ್ನು ನೆಟ್ಟದ್ದು ಈ ರಾಜಕೀಯಕ್ಕಾಗಿ ಅಲ್ಲ. ಬೂತುಗನ ಬಂಟನಾದ ಮಣಲೆರನೆಂಬವನು ಆ ಯುದ್ಧದಲ್ಲಿ ಮೆರೆದ. ಒಡೆಯ ಮೆಚ್ಚಿ, ಬೇಕಾದ್ದನ್ನು ಕೇಳು ಎಂದ. ಮಣಲೆರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ಅವನ ಕೈಗೆ ಬಂತು. ಮುಂದೆ ಕೆಲಲೆನಾಡಿನ ಒಂದು ಬೆಟ್ಟದ ಬಳಿ ಅದನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಕಾದಾಡಿ ಒಂದೇ ಕಡೆ ಸತ್ತವು. ಅದಕ್ಕಾಗಿ ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನೆಡಿಸಿ, ಊರ ದೊಡ್ಡ ಕೆರೆಯ ಕೆಳಗೆ ಗದ್ದೆ ಬಿಟ್ಟು, ಕಲ್ಲಿಗೆ ಪೂಜೆ ನಡೆಯಬೇಕೆಂದು ಕಟ್ಟಳೆ ಮಾಡಿದರು. ಪೂಜೆ ಮಾಡದೆ ಉಣ್ಣುವ ಗೊರವನಿಗೆ ಆ ನಾಯಿ ಮಾಡಿದ ಪಾಪ ತಟ್ಟಲಿ ಎಂಬ ಶಾಪವೂ ಅದರಲ್ಲಿದೆ. ಕಲ್ಲಿನ ಮೇಲೆ ಹಂದಿಗೂ ನಾಯಿಗೂ ನಡೆದ ಕಾಳಗವನ್ನು ಕೆತ್ತಿದ್ದಾರೆ. ಸುತ್ತಲೂ ಚಕ್ರವರ್ತಿಗಳ ಬಿರುದಾವಳಿ, ನಡುವೆ ನಾಯಿ.

ಶಾಪದ ಮಾತನ್ನು ಬಿಟ್ಟುಬಿಡಬಾರದು. ಹಂದಿಯನ್ನು ಕೊಂದದ್ದು ಪಾಪವೆಂದು ಆ ಕಲ್ಲನ್ನು ಬರೆಸಿದವರಿಗೇ ಗೊತ್ತಿತ್ತು. ಹೊಗಳುವಾಗಲೇ ಒಳಗೊಳಗೇ ಅಳುಕು. ಈ ಅಳುಕು ನಮ್ಮ ನಾಡಿನಲ್ಲಿ ಹೊಸದಲ್ಲ. ಅದನ್ನು ತಿಳಿಯಲು ಮತ್ತೆ ಮಸ್ಕಿಗೇ ಬರಬೇಕು.

1915ರಲ್ಲಿ ಚಿನ್ನದ ನಿಕ್ಷೇಪಗಳನ್ನು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರ್ ಮಸ್ಕಿಯ ಬೆಟ್ಟದಲ್ಲಿ ಬಂಡೆಯ ಮೇಲೆ ಕೊರೆದ ಅಕ್ಷರಗಳನ್ನು ಕಂಡ. 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರು ಸ್ಪಷ್ಟವಾಗಿ ಕಾಣಿಸಿಕೊಂಡ ಮೊದಲ ಶಾಸನ ಅದು. ಮಸ್ಕಿಯ ಆ ಬಂಡೆ ಬೇಟೆಯ ಮಾತನ್ನು ಎತ್ತುವುದಿಲ್ಲ. ಶ್ರದ್ಧೆಯಿಂದ ನಡೆದರೆ ದೊಡ್ಡವನು ಮಾತ್ರವಲ್ಲ, ಸಣ್ಣವನೂ ಎತ್ತರಕ್ಕೆ ಏರಬಲ್ಲ ಎಂಬುದು ಅಲ್ಲಿಯ ತಾತ್ಪರ್ಯ. ಆದರೆ ಅದೇ ಅರಸ ಬೇರೆ ಶಾಸನಗಳಲ್ಲಿ ಹೇಳಿರುವುದನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಹಿಂದಿನ ರಾಜರು ಬೇಟೆಯ ವಿಹಾರಯಾತ್ರೆಗೆ ಹೋಗುತ್ತಿದ್ದರು, ನಾನು ಅದನ್ನು ಬಿಟ್ಟು ಧರ್ಮಯಾತ್ರೆಗೆ ಹೊರಟೆ ಎನ್ನುತ್ತಾನೆ. ಒಂದು ಜೀವವನ್ನು ಕೊಂದು ಇನ್ನೊಂದು ಜೀವವನ್ನು ಪೋಷಿಸಬಾರದು ಎಂದು ಐದನೆಯ ಸ್ತಂಭಶಾಸನದಲ್ಲಿ ಕಟ್ಟಪ್ಪಣೆ ಮಾಡುತ್ತಾನೆ. ನಾಯಿಯನ್ನು ಹಂದಿಯ ಮೇಲೆ ಬಿಡುವವರಿಗೆ ಇದಕ್ಕಿಂತ ನೇರವಾದ ಮಾತು ಬೇಕೆ? ಅಶೋಕನ ಬಂಡೆಯಿರುವ ಈ ಸೀಮೆಯನ್ನು ಸುಮಾರು ಸಾವಿರದ ನಾನೂರು ವರ್ಷಗಳ ಮೇಲೆ ಆಳಿದವರು ಸಾರಮೇಯ ವಿನೋದವನ್ನು ಬರೆದರು. ಎರಡೂ ನಮ್ಮವೇ. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಿಡುವುದು ಇತಿಹಾಸವಾಗದು.

ಅರಮನೆಯನ್ನು ಬಿಟ್ಟು ಹಟ್ಟಿಗೆ ಬರೋಣ. ಎಡೆದೊರೆನಾಡಿನಲ್ಲಿ ನಾಯಿಯೊಡನೆ ನಿಜವಾಗಿ ಬಾಳಿದವನು ಅರಸನಲ್ಲ, ಕುರಿಗಾರ. ಎರೆಭೂಮಿಯಲ್ಲಿ ಹಿಂಗಾರು ಜೋಳ ಕಟಾವಾದ ಮೇಲೆ ಹೊಲದಿಂದ ಹೊಲಕ್ಕೆ ಕುರಿ ನಿಲ್ಲಿಸುತ್ತ ಸಾಗುವ ಕುರುಬರಿಗೆ ರಾತ್ರಿಯ ಕಾವಲು ನಾಯಿಯದು. ತೋಳ ಈ ಸೀಮೆಯಲ್ಲಿ ಕಥೆಯ ಪ್ರಾಣಿಯಲ್ಲ. ನೆರೆಯ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ ಒಂದು ಧಾಮ ಏರ್ಪಟ್ಟಿದೆ. ಈ ನಾಯಿಯ ಕೆಲಸ ಕುರಿಯನ್ನು ಅಟ್ಟುವುದಲ್ಲ, ಕಾಯುವುದು. ಕುರಿಗಾರರ ದೈವವಾದ ಮೈಲಾರಲಿಂಗನ ಪರಿವಾರದಲ್ಲಿಯೂ ನಾಯಿಗೆ ಸ್ಥಾನವುಂಟು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯರು ನಾಯಿಯಂತೆ ಬೊಗಳಿ, ದೋಣಿಯೆಂಬ ಮರದ ಪಾತ್ರೆಯಲ್ಲಿ ಪ್ರಸಾದ ಸ್ವೀಕರಿಸುವ ಸೇವೆಯನ್ನು ಕಂಡವರಿಗೆ ಇದು ಗೊತ್ತು. ಆತಕೂರಿನ ಶಾಸನದಲ್ಲಿ ನಾಯಿಯ ಕಲ್ಲಿಗೆ ಪೂಜೆ ಮಾಡಬೇಕಾದವನೂ ಗೊರವನೇ. ಈ ಎರಡಕ್ಕೂ ನೇರವಾದ ನಂಟು ಉಂಟೆಂದು ನಾನು ವಾದಿಸುತ್ತಿಲ್ಲ. ಹೆಸರಿನ ಸಾಮ್ಯ ಮಾತ್ರ ಕುತೂಹಲಕರ.

ಈಗ ಸಮುದ್ರ ದಾಟೋಣ. ಆಧುನಿಕ ಕೆಲಸದ ಪರೀಕ್ಷೆಯೂ ಮೊಳೆತದ್ದು ಕುರಿಯ ಹಟ್ಟಿಯಲ್ಲಿಯೇ. ಬ್ರಿಟನ್ನಿನ ವೇಲ್ಸ್ ಸೀಮೆಯ ಬಾಲಾ ಎಂಬಲ್ಲಿ 1873ರ ಅಕ್ಟೋಬರ್ 9ರಂದು ಕುರಿನಾಯಿಗಳ ಸ್ಪರ್ಧೆ ನಡೆಯಿತು. ಹತ್ತು ನಾಯಿಗಳು ಬಂದಿದ್ದವು. ಗೆದ್ದವನು ವೇಲ್ಸಿನಲ್ಲಿ ನೆಲೆಸಿದ್ದ ಸ್ಕಾಟ್ಲೆಂಡಿನ ಜೇಮ್ಸ್ ಥಾಮ್ಸನ್. ಅವನ ನಾಯಿಯ ಹೆಸರು ಟ್ವೀಡ್. ಅದೇ ವರ್ಷ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಹುಟ್ಟಿತು. ಒಂದು ಕಡೆ ನಾಯಿಯ ವಂಶವನ್ನು ಬರೆದಿಡುವ ಸಂಸ್ಥೆ, ಇನ್ನೊಂದು ಕಡೆ ನಾಯಿಯ ಕೆಲಸವನ್ನು ಅಳೆಯುವ ಬಯಲು. ಅಂದಿನಿಂದ ಇಂದಿನವರೆಗೂ ನಾಯಿಲೋಕದಲ್ಲಿ ಈ ಎರಡು ಪಕ್ಷಗಳ ವ್ಯಾಜ್ಯ ತೀರಿಲ್ಲ. ಬಾಲಾದ ಪರೀಕ್ಷೆಯನ್ನು ನಮ್ಮ ಕುರಿಗಾರನ ನಾಯಿಗೆ ಒಡ್ಡಿದರೆ ಅದು ಖಂಡಿತ ಸೋಲುತ್ತದೆ. ಅದು ದಡ್ಡತನದಿಂದಲ್ಲ. ಅಲ್ಲಿಯ ನಾಯಿ ಕುರಿಯನ್ನು ಗುಡ್ಡದಿಂದ ಕೂಡಿಸಿ ತರಬೇಕು. ಇಲ್ಲಿಯ ನಾಯಿ ಕುರಿಯ ಪಕ್ಕದಲ್ಲಿ ಮಲಗಿ ತೋಳದ ದಾರಿ ಕಾಯಬೇಕು. ಪರೀಕ್ಷೆಯೆಂಬುದು ಆಯಾ ನೆಲದ ಕೆಲಸದಿಂದಲೇ ಹುಟ್ಟಬೇಕಾದ ವಸ್ತು.

ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ ಪೊಲೀಸರು ಈ ರಂಗಕ್ಕೆ ಬಂದರು. 1899ರಲ್ಲಿ ಬೆಲ್ಜಿಯಮ್ಮಿನ ಗೆಂಟ್ ಪಟ್ಟಣದಲ್ಲಿ ಪೊಲೀಸ್ ನಾಯಿಗಳ ವ್ಯವಸ್ಥಿತ ಪಡೆ ಆರಂಭವಾಯಿತು. ಅದೇ ವರ್ಷ ಜರ್ಮನಿಯಲ್ಲಿ ಮಾಕ್ಸ್ ಫಾನ್ ಸ್ಟೆಫನಿಟ್ಸ್ ಎಂಬ ಮಾಜಿ ಸೈನ್ಯಾಧಿಕಾರಿ ಅಲ್ಲಿಯ ಕುರಿನಾಯಿಗಾಗಿ ಸಂಘ ಕಟ್ಟಿದ. ಅವನ ಪಟ್ಟು ಒಂದೇ: ಕೆಲಸ ಮಾಡದ ನಾಯಿ ಚೆಲುವಾಗಿದ್ದು ಏನು ಫಲ? ಕೈಗಾರಿಕೆ ಬೆಳೆದು ಕುರಿಯ ಕೆಲಸ ಕಡಮೆಯಾದಾಗ ಆ ನಾಯಿಯನ್ನು ಪೊಲೀಸು, ಸೈನ್ಯಗಳ ಕೆಲಸಕ್ಕೆ ತಿರುಗಿಸಿದರು. ಮೊದಲನೆಯ ಮಹಾಯುದ್ಧ ಕಳೆದು, 1924ರಲ್ಲಿ, ಬ್ರಿಟನ್ನಿನಲ್ಲಿ ಇಂಥ ಕೆಲಸದ ನಾಯಿಗಳಿಗಾಗಿಯೇ ಸಂಘವೊಂದು ಹುಟ್ಟಿ, ಇಂದು ನಾವು ಕಾಣುವ ಕೆಲಸದ ಪರೀಕ್ಷೆಗೆ ರೂಪ ಬಂತು.

ಅದರ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮೂರು ಅಂಗಗಳು. ಒಂದು ಹತೋಟಿ: ಜೊತೆಗಾರನ ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆಯುವುದು, ದೂರ ಕಳಿಸಿದರೆ ಹೋಗುವುದು, ಅವನು ಮರೆಯಾದರೂ ಮಲಗಿದಲ್ಲಿಯೇ ಮಲಗಿರುವುದು, ಗುಂಡಿನ ಸದ್ದಿಗೆ ಬೆಚ್ಚದಿರುವುದು. ಎರಡನೆಯದು ಚುರುಕು: ಮೂರು ಅಡಿಯ ಬೇಲಿಯನ್ನು ಹಾರಬೇಕು, ಒಂಬತ್ತು ಅಡಿ ಉದ್ದ ನೆಗೆಯಬೇಕು, ಆರು ಅಡಿ ಎತ್ತರದ ಹಲಗೆಯ ಗೋಡೆಯನ್ನು ಹತ್ತಿ ಇಳಿಯಬೇಕು. ಇವೆರಡೂ ನೋಡುವವರಿಗೆ ರಂಜನೆ. ಆದರೆ ಇನ್ನೂರು ಅಂಕಗಳಲ್ಲಿ ಇವೆರಡಕ್ಕೂ ಸೇರಿ ಸಿಗುವ ಪಾಲು ಚಿಕ್ಕದು. ಉಳಿದದ್ದೆಲ್ಲ ಮೂಗಿನ ಕೆಲಸಕ್ಕೆ.

ಮೂಗಿನ ಕೆಲಸದಲ್ಲಿ ಒಂದು ಹುಡುಕಾಟ. ಇಪ್ಪತ್ತೈದು ಗಜ ಚೌಕದ ಹುಲ್ಲಿನಲ್ಲಿ ನಾಲ್ಕು ಚಿಕ್ಕ ವಸ್ತುಗಳನ್ನು ಅಡಗಿಸಿರುತ್ತಾರೆ - ಒಂದು ಬೆಂಕಿಪೊಟ್ಟಣದಷ್ಟೋ ಬಟ್ಟೆಯ ತುಂಡಿನಷ್ಟೋ ಇರಬಹುದು. ಜೊತೆಗಾರ ಗೆರೆಯ ಹೊರಗೆ ನಿಂತೇ ನಾಯಿಯನ್ನು ಒಳಗೆ ಕಳಿಸಿ, ಐದು ನಿಮಿಷದಲ್ಲಿ ಅವನ್ನು ತರಿಸಬೇಕು. ಇನ್ನೊಂದು ಜಾಡು, ಇಡೀ ಪರೀಕ್ಷೆಯ ಜೀವ ಇದೇ. ಒಬ್ಬ ಅಪರಿಚಿತ ಹೊಲದಲ್ಲಿ ಸುಮಾರು ಅರ್ಧ ಮೈಲಿ ದೂರ ಅಲ್ಲಲ್ಲಿ ತಿರುಗಿ ನಡೆದು, ನಡುವೆ ಸಣ್ಣ ವಸ್ತುಗಳನ್ನು ಬೀಳಿಸಿ ಹೋಗುತ್ತಾನೆ. ಆರಂಭದ ದರ್ಜೆಗಳಲ್ಲಿ ಅರ್ಧ ಗಂಟೆಯ ಜಾಡು, ಮೇಲಿನ ದರ್ಜೆಯಲ್ಲಿ ಒಂದೂವರೆ ಗಂಟೆ, ಅತಿ ಮೇಲಿನ ಜಾಡಿನ ದರ್ಜೆಯಲ್ಲಿ ಮೂರು ಗಂಟೆ ಹಳೆಯದಾದ ಜಾಡು. ನಡೆದವನು ಎಲ್ಲಿ ತಿರುಗಿದನೆಂಬುದು ನಾಯಿಯ ಜೊತೆಗಾರನಿಗೆ ಗೊತ್ತಿರುವುದಿಲ್ಲ. ಉದ್ದನೆಯ ಹಗ್ಗದ ಒಂದು ತುದಿಯಲ್ಲಿ ನಾಯಿ, ಇನ್ನೊಂದು ತುದಿಯಲ್ಲಿ ಅವನು. ನಾಯಿ ತಲೆ ಎತ್ತಿದರೆ ಏಕೆ ಎತ್ತಿತು, ಬಾಲ ಒಂದಿಷ್ಟು ಬಿಗಿಯಾದರೆ ಏನರ್ಥ, ಹಗ್ಗ ಸಡಿಲವಾದರೆ ಜಾಡು ತಪ್ಪಿತೇ ಅಥವಾ ಮೂಲೆ ಬಂತೇ ಎಂದು ಅವನು ಓದಿಕೊಳ್ಳಬೇಕು. ತನ್ನ ಬುದ್ಧಿಯನ್ನು ನಂಬಿ ಹಗ್ಗ ಎಳೆದವನು ನಾಯಿಯನ್ನು ಕೆಡಿಸುತ್ತಾನೆ.

ನೆಲದಲ್ಲಿ ಉಳಿಯುವುದು ಏನು? ತುಳಿದ ಹುಲ್ಲು ಕೆದರಿದ ಮಣ್ಣುಗಳ ವಾಸನೆ, ಅದರೊಡನೆ ಮನುಷ್ಯನ ಮೈಯಿಂದ ಉದುರಿದ ಸೂಕ್ಷ್ಮ ಕಣಗಳ ವಾಸನೆ. ತಂಪು ತೇವಗಳಿದ್ದರೆ ಇದು ನಿಲ್ಲುತ್ತದೆ. ಬಿಸಿಲು ಏರಿದಂತೆ ಆರಿಹೋಗುತ್ತದೆ. ಇದನ್ನು ತಿಳಿದ ಮೇಲೆ ನಮ್ಮ ಸೀಮೆಯ ನೆಲವನ್ನು ಬೇರೆ ಕಣ್ಣಿನಿಂದ ನೋಡಬೇಕಾಗುತ್ತದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದು ಎಡದಂಡೆಯ ಕಾಲುವೆಯಲ್ಲಿ ನೀರು ಹರಿದ ಮೇಲೆ ಸಿಂಧನೂರು ಭತ್ತದ ಸೀಮೆಯಾಯಿತು. ಜೋಳದ ಎರೆಹೊಲ ಹೋಗಿ ಗದ್ದೆ ಬಂತು. ಕಾಲುವೆಯ ನೀರು ತಲುಪದ ಕಡೆ ಹಳೆಯ ಎರೆ, ಮಸ್ಕಿ ಮುದಗಲ್ಲುಗಳ ಕಡೆಗೆ ಬಂಡೆಗಳ ಗುಡ್ಡ, ಮಸಾರಿ ನೆಲ. ನಾಯಿಯ ಮೂಗಿಗೆ ಇವು ಒಂದೇ ಜಿಲ್ಲೆಯೊಳಗಿನ ಬೇರೆ ಬೇರೆ ಭಾಷೆಗಳಿದ್ದಂತೆ. ಕುಯಿಲಾದ ಗದ್ದೆಯಲ್ಲಿ ಕೂಳೆಯ ನಡುವೆ ಉಳಿಯುವ ಜಾಡು ಬೇರೆ, ಕಾದ ಬಂಡೆಯ ಮೇಲೆ ಅರ್ಧ ಗಂಟೆಗೇ ಆರುವ ಜಾಡು ಬೇರೆ.

ಈ ವಿಷಯವನ್ನು ಬರಿಯ ಆಟವೆಂದು ತಳ್ಳಿಹಾಕುವಂತಿಲ್ಲ, ನ್ಯಾಯಾಲಯವೂ ಇದರೊಳಗೆ ಬರುತ್ತದೆ. ಪೊಲೀಸ್ ನಾಯಿ ಜಾಡು ಹಿಡಿದು ಒಬ್ಬನ ಬಾಗಿಲಲ್ಲಿ ನಿಂತರೆ ಅವನು ಅಪರಾಧಿಯೆ? ಸರ್ವೋಚ್ಚ ನ್ಯಾಯಾಲಯ 1969ರಲ್ಲಿ ಮಹಾರಾಷ್ಟ್ರದ ಮೊಕದ್ದಮೆಯೊಂದರಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡಿತು. 2001ರಲ್ಲಿ ಆಂಧ್ರದ ಮೊಕದ್ದಮೆಯೊಂದರಲ್ಲಿ ಮತ್ತೆ ಪರಿಶೀಲಿಸಿತು. ನಾಯಿ ಸಾಕ್ಷಿಕಟ್ಟೆ ಹತ್ತಿ ಹೇಳಲಾರದು. ಅದರ ಪರವಾಗಿ ಹೇಳುವವನು ಅದರ ಜೊತೆಗಾರ. ನಾಯಿ ತಪ್ಪಬಹುದು, ನಾಯಿ ಸರಿಯಿದ್ದು ಅದನ್ನು ಓದಿದವನು ತಪ್ಪಬಹುದು. ಆದ್ದರಿಂದ ಈ ಸಾಕ್ಷ್ಯಕ್ಕೆ ಹೆಚ್ಚು ತೂಕ ಕೊಡಲಾಗದು, ತನಿಖೆಗೆ ದಾರಿ ತೋರಿಸಲು ಅದು ನೆರವಾಗಬಹುದು ಎಂಬ ಜಾಡಿನಲ್ಲಿ ಆ ತೀರ್ಪುಗಳು ಸಾಗಿವೆ. ಬಯಲಿನ ಪರೀಕ್ಷೆ ಅಳೆಯುವುದು ಇದನ್ನೇ ಅಲ್ಲವೆ? ನಾಯಿಗೆ ಬೇರೆ, ಜೊತೆಗಾರನಿಗೆ ಬೇರೆ ಅಂಕವಿಲ್ಲ. ಇಬ್ಬರೂ ಸೇರಿ ಒಂದು ಘಟಕ. ಒಬ್ಬ ಬಡವನ ಬಾಗಿಲಲ್ಲಿ ನಾಯಿ ನಿಂತಾಗ, ಆ ಘಟಕ ಎಷ್ಟು ಸಲ, ಎಂಥ ನೆಲದಲ್ಲಿ, ಯಾರ ಮುಂದೆ ಪರೀಕ್ಷೆಗೆ ಒಳಗಾಗಿದೆ ಎಂದು ಕೇಳುವ ಹಕ್ಕು ಅವನಿಗಿರಬೇಕು.

ಪರೀಕ್ಷೆಗೆ ಒಳಗಾದ ನಾಯಿ ಏನು ಮಾಡಬಲ್ಲದೆಂಬುದಕ್ಕೆ ನಮ್ಮ ರಾಜ್ಯದಲ್ಲೇ ನಿದರ್ಶನವುಂಟು. 2020ರಲ್ಲಿ ದಾವಣಗೆರೆ ಜಿಲ್ಲಾ ಪೊಲೀಸ್ ಶ್ವಾನದಳದ ತುಂಗಾ ಎಂಬ ಡಾಬರ್‌ಮನ್ ಹೆಣ್ಣುನಾಯಿ ಕೊಲೆಯೊಂದರ ತನಿಖೆಯಲ್ಲಿ ಸುಮಾರು 12 ಕಿಲೋಮೀಟರ್ ದೂರ ಜಾಡು ಹಿಡಿದು ಓಡಿ ಆರೋಪಿಯ ಸುಳಿವು ಕೊಟ್ಟದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಅರ್ಧ ಮೈಲಿಯ ಸ್ಪರ್ಧೆಯ ಮುಂದೆ ಇದು ಎಷ್ಟು ದೊಡ್ಡ ಮಾತು! ಅಖಿಲ ಭಾರತ ಪೊಲೀಸ್ ಕರ್ತವ್ಯ ಕೂಟಗಳಲ್ಲಿ ನಾಯಿಗಳಿಗೂ ಸ್ಪರ್ಧೆಗಳಿವೆ. ಆದರೆ ಅವು ಇಲಾಖೆಯೊಳಗಿನ ಮಾತು. ಊರಿನವನ ನಾಯಿಗೆ ಅಲ್ಲಿ ಪ್ರವೇಶವಿಲ್ಲ.

ಊರಿನವನ ನಾಯಿ ಎಂದೊಡನೆ ಮುಧೋಳದ ನೆನಪಾಗದಿರದು. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಮುಧೋಳದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಬೇಡರಲ್ಲಿ ಉಳಿದಿದ್ದ ಬೇಟೆನಾಯಿಗಳನ್ನು ಸಾಕಿ ಬೆಳೆಸಿದರು, ಒಂದು ಜೋಡಿಯನ್ನು ಐದನೆಯ ಜಾರ್ಜ್ ದೊರೆಗೆ ಕೊಟ್ಟರು. ತೆಳುವಾದ ಮೈ, ಆಳವಾದ ಎದೆ, ಉದ್ದನೆಯ ಮುಖ, ಬಾಣದಂಥ ಓಟ. 2005ರ ಜನವರಿಯಲ್ಲಿ ಅಂಚೆ ಇಲಾಖೆ ಹೊರಡಿಸಿದ ನಾಲ್ಕು ದೇಶೀ ನಾಯಿಗಳ ಅಂಚೆಚೀಟಿಗಳಲ್ಲಿ ಮುಧೋಳವೂ ಒಂದು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಈ ತಳಿಗಾಗಿಯೇ ಇದೆ. 2016ರಲ್ಲಿ ಭಾರತೀಯ ಸೈನ್ಯ ಈ ನಾಯಿಯ ಮರಿಗಳನ್ನು ಮೀರತ್ತಿನ ತನ್ನ ಕೇಂದ್ರಕ್ಕೆ ಒಯ್ದು ತರಬೇತಿಗೆ ಹಚ್ಚಿತು.

ಇಲ್ಲಿ ಒಂದು ತೊಡಕಿದೆ. ಮುಧೋಳದ ಅಭಿಮಾನಿಗಳು ಅದನ್ನು ಹೇಳಲು ಹಿಂಜರಿಯುತ್ತಾರೆ. ಇದು ಕಣ್ಣಿನ ನಾಯಿ, ಮೂಗಿನ ನಾಯಿಯಲ್ಲ. ಬಯಲಿನಲ್ಲಿ ಮೊಲ ಎದ್ದದ್ದನ್ನು ದೂರದಿಂದ ಕಂಡು, ಕಂಡದ್ದನ್ನು ಅಟ್ಟಿ ಹಿಡಿಯಲು ತಲೆಮಾರುಗಳಿಂದ ತಿದ್ದಿದ ಜೀವ. ತಲೆ ತಗ್ಗಿಸಿ ಅಪರಿಚಿತನ ಹೆಜ್ಜೆ ಮೂಸುತ್ತ ಒಂದೊಂದೇ ಗಜ ಸಾಗು ಎಂದರೆ ಅದರ ಸ್ವಭಾವಕ್ಕೆ ಕಷ್ಟ. ಕಲಿಯಲಾರದು ಎಂದಲ್ಲ, ಎಲ್ಲ ನಾಯಿಗೂ ಮೂಗಿದೆ. ಆದರೆ ಲ್ಯಾಬ್ರಡಾರ್ ಅಥವಾ ಜರ್ಮನ್ ಕುರಿನಾಯಿಯೊಡನೆ ಜಾಡಿನ ಸ್ಪರ್ಧೆಗೆ ಇಳಿಸಿ, ಸೋತಾಗ ದೇಶೀ ತಳಿಗೆ ಬುದ್ಧಿಯಿಲ್ಲ ಎನ್ನುವುದು ತಪ್ಪು; ದೇಶಾಭಿಮಾನದಿಂದ ಅದು ಎಲ್ಲವನ್ನೂ ಮಾಡಬಲ್ಲದೆನ್ನುವುದೂ ಅಷ್ಟೇ ತಪ್ಪು.

ಇನ್ನೊಂದು ಮಾತು, ಸ್ವಲ್ಪ ಕಹಿಯಾದದ್ದು. ರಾಯಚೂರು ಸೀಮೆಯಲ್ಲಿ ಯುಗಾದಿಯ ಸಮಯದಲ್ಲಿ ನಾಯಿಗಳೊಡನೆ ಬೇಟೆಗೆ ಹೊರಡುವ ವಾಡಿಕೆ ಹಳೆಯದು. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬಂದ ಮೇಲೆ ಅದು ಅಪರಾಧ. 2025ರ ಯುಗಾದಿಯ ವೇಳೆಗೆ ತುರ್ವಿಹಾಳದಲ್ಲಿ ಬೇಟೆಯಾಡಿದ ಮೊಲಗಳನ್ನು ಮೆರವಣಿಗೆ ಮಾಡಿದ ದೃಶ್ಯ ರಾಜ್ಯದಲ್ಲೆಲ್ಲ ಹರಡಿ, ಪ್ರಕರಣ ದಾಖಲಾಯಿತು. ಕಾನೂನು ಸರಿಯಾಗಿಯೇ ಇದೆ. ಮೊಲ, ಹಂದಿಗಳಿಗೂ ಬದುಕುವ ಹಕ್ಕಿದೆ ಎಂಬುದನ್ನು ಅಶೋಕನಿಂದ ಕಲಿಯಲು ನಮಗೆ ಇಪ್ಪತ್ತಮೂರು ಶತಮಾನ ಬೇಕಾದವು ಎನ್ನಬೇಕಷ್ಟೆ. ಆದರೆ ನಾಯಿಯನ್ನು ಪಳಗಿಸುವ, ನೆಲವನ್ನು ಓದುವ, ಗಾಳಿಯ ಬೀಸನ್ನು ನೋಡಿ ನಾಯಿ ಬಿಡುವ ಜಾಣ್ಮೆಯೊಂದು ಆ ವಾಡಿಕೆಯೊಳಗಿತ್ತು. ಅದನ್ನು ಬರೆದಿಟ್ಟವರಿಲ್ಲ. ಅಪ್ಪನಿಂದ ಮಗನಿಗೆ ಬಂದದ್ದು. ಬೇಟೆಯನ್ನು ನಿಲ್ಲಿಸಿದ ಸರ್ಕಾರ ಆ ಜಾಣ್ಮೆಗೆ ಬೇರೊಂದು ಬಯಲನ್ನು ತೋರಿಸಲಿಲ್ಲ. ಹೀಗಾಗಿ ವಾಡಿಕೆ ಕಳ್ಳತನದಲ್ಲಿ ಉಳಿಯಿತು, ಜಾಣ್ಮೆ ಅಳಿಯುತ್ತಿದೆ.

ಜರ್ಮನಿಯಲ್ಲಿ ಕುರಿಯ ಕೆಲಸ ಕಡಮೆಯಾದಾಗ ನಾಯಿಗೆ ಬೇರೆ ಕೆಲಸ ಹುಡುಕಿದವರು ಇದ್ದರು. ಎಡೆದೊರೆನಾಡಿನಲ್ಲಿ ಯಾಕಾಗಬಾರದು? ಹಿಂಗಾರಿನ ಕಟಾವು ಮುಗಿದು ಬೇಸಗೆ ಬಲಿಯುವ ಮುನ್ನ, ಬೆಳಗಿನ ಇಬ್ಬನಿ ಆರುವುದರೊಳಗೆ, ಲಿಂಗಸುಗೂರಿನ ಒಂದು ಎರೆಹೊಲದಲ್ಲಿ ಜಾಡು ಹಾಕಬಹುದು. ಸಿಂಧನೂರಿನ ಕೊಯ್ದ ಗದ್ದೆಯಲ್ಲಿ ಹುಡುಕಾಟ ಇಡಬಹುದು. ಕುರಿಗಾರರ ನಾಯಿಗಳಿಗೆ ಬೇರೆಯೇ ವಿಭಾಗ ಬೇಕು: ಕುರಿಯ ನಡುವೆ ರಾತ್ರಿ ಕಳೆದು, ಬಂದ ಅಪರಿಚಿತನನ್ನು ಕಚ್ಚದೆ ತಡೆದು ನಿಲ್ಲಿಸಿತೆ ಎಂದು ನೋಡಬೇಕು. ಓಟದ ನಾಯಿಗಳಿಗೆ ಜೀವವಿಲ್ಲದ ಬಟ್ಟೆಯ ಗುರಿಯನ್ನು ಹಗ್ಗದಿಂದ ಎಳೆದು ಓಡಿಸುವ ಪದ್ಧತಿ ಹೊರದೇಶಗಳಲ್ಲಿ ಇದೆ, ಅದನ್ನು ತರಬಹುದು. ಅಂಕ ಕೊಡುವವರಲ್ಲಿ ಜಿಲ್ಲಾ ಶ್ವಾನದಳದವರೂ ಇರಲಿ, ಹಟ್ಟಿಯ ಹಿರಿಯ ಕುರಿಗಾರನೂ ಇರಲಿ. ಖರ್ಚು ಎತ್ತಿನ ಜಾತ್ರೆಯ ಅರ್ಧವೂ ಆಗದು.

ಇನ್ನು, ಅಂಥ ಹೊಲದಲ್ಲಿ ಖಂಡಿತವಾಗಿಯೂ ಒದಗುವ ಒಂದು ಸಂದರ್ಭವನ್ನು ಮೊದಲೇ ಯೋಚಿಸಿಟ್ಟುಕೊಳ್ಳಬೇಕು. ನಾಯಿ ಜಾಡಿನ ಮೇಲಿದೆ, ಹಗ್ಗ ಬಿಗಿಯಾಗಿದೆ, ಮೂರನೆಯ ತಿರುವು ಹತ್ತಿರ ಬಂದಿದೆ. ಆಗ ಜೋಳದ ಕೂಳೆಯ ನಡುವಿನಿಂದ ಮೊಲವೊಂದು ಎದ್ದು ಓಡುತ್ತದೆ. ಸಾವಿರ ವರ್ಷ ಅರಸರೂ ಬೇಡರೂ ಯಾವ ಗಳಿಗೆಗಾಗಿ ನಾಯಿಯನ್ನು ಬೆಳೆಸಿದರೋ ಆ ಗಳಿಗೆ ಅದು. ಇಂದಿನ ನಿಯಮದಂತೆ ಮೊಲದ ಹಿಂದೆ ಹೋದ ನಾಯಿಗೆ ಅಂಕವಿಲ್ಲ. ತಲೆ ಎತ್ತಿ, ಒಂದು ಕ್ಷಣ ನೋಡಿ, ಮತ್ತೆ ಮೂಗನ್ನು ನೆಲಕ್ಕೆ ಇಟ್ಟದ್ದು ಮುಂದಿನ ಸುತ್ತಿಗೆ ಹೋಗುತ್ತದೆ.